ನೀರು ಬದಲಿಸಿದಷ್ಟೂ ಮುದುಡಿದ ಹವಳ: ವಿಜಯಪುರದ ಒಂದು ಟ್ಯಾಂಕಿನ ಪ್ರಕರಣ

ನವೆಂಬರ್ ಎರಡನೇ ವಾರ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ವಿಜಯಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಹುಡುಗ. "ಸರ್, ಟೋಡ್‌ಸ್ಟೂಲ್ ಮುಚ್ಕೊಂಡು ಕುಂತದ್ರಿ. ನಾಕು ದಿನ ಆತು, ಅರಳವಲ್ದು." ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. "ಚರ್ಮ ಬಿಡಾಕತ್ತಿರಬೇಕು ತಮ್ಮಾ. ವಾರ ಹತ್ತು ದಿನ ಸುಮ್ಮ ಬಿಡು," ಅಂದುಬಿಟ್ಟೆ. ಈ ಪ್ರಕರಣದ ಮೊದಲ ತಪ್ಪು ಹೀಗೆ ನನ್ನಿಂದಲೇ ಆಯಿತು.

ಹಾಗಂದದ್ದಕ್ಕೆ ಕಾರಣ ಇತ್ತು. ಟೋಡ್‌ಸ್ಟೂಲ್ ಅಂದರೆ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ, ಸಾರ್ಕೋಫೈಟನ್ ಜಾತಿಯ ಜೀವಂತ ಮೆತ್ತನೆ ಹವಳ. ದಪ್ಪ ಕಾಂಡ, ಮೇಲೆ ಅಣಬೆಯಂಥ ಟೊಪ್ಪಿಗೆ, ಟೊಪ್ಪಿಗೆ ತುಂಬ ಕೂದಲಿನಂತೆ ಹೊರಚಾಚುವ ಪಾಲಿಪ್‌ಗಳು. ಕೆಲವು ವಾರಗಳಿಗೊಮ್ಮೆ ಅದು ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ತೆಳು ಪೊರೆ ಕಟ್ಟಿಕೊಂಡು ಮುನಿಸಿಕೊಂಡವರ ಹಾಗೆ ಕೂಡುತ್ತದೆ. ಕೆಲ ದಿನ ಕಳೆದ ಮೇಲೆ, ತಡವಾದರೆ ಎರಡು ವಾರಕ್ಕೆ, ನೀರಿನ ಸೆಳೆತಕ್ಕೆ ಪೊರೆ ಕಳಚಿ ಹೋಗಿ ಮತ್ತೆ ಅರಳುತ್ತದೆ. ಹೊಸದಾಗಿ ಸಾಕುವವರು ಪ್ರತಿ ಸಲವೂ ಗಾಬರಿಯಾಗುತ್ತಾರೆ. ಒಂಬತ್ತು ವರ್ಷದಿಂದ ಸಾಕುತ್ತಿರುವ ನನ್ನಂಥವರು ಪ್ರತಿ ಸಲವೂ "ಸುಮ್ಮ ಬಿಡು" ಅನ್ನುತ್ತೇವೆ. ಟ್ಯಾಂಕಿನ ಬಸವನಹುಳುಗಳು ಹೆಂಗದಾವ ಅಂತ ಅವತ್ತು ಒಂದು ಮಾತು ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು.

ಹತ್ತು ದಿನಕ್ಕೆ ಮತ್ತೆ ಫೋನ್. ಟೋಡ್‌ಸ್ಟೂಲ್ ಹಾಗೇ ಇದೆ, ಈಗ ಪಕ್ಕದ ಜೋವಾಗಳೂ (ಗುಂಪಾಗಿ ಬೆಳೆಯುವ ಸಣ್ಣ ಹವಳಗಳು) ಮುಚ್ಚಿವೆ. ನಾನು ಎರಡನೇ ತಪ್ಪು ಮಾಡಿದೆ: "ಕಾರ್ಬನ್ ಹಾಕು, ನೀರು ಬದಲಿಸು." (ಕಾರ್ಬನ್ ಅಂದರೆ ನೀರಿನ ಕಲ್ಮಶ ಹೀರುವ ಇದ್ದಿಲು.) ಅವನು ವಿಧೇಯ ಶಿಷ್ಯ. ವಾರಕ್ಕೊಮ್ಮೆ ಬದಲಿಸುತ್ತಿದ್ದವನು ವಾರಕ್ಕೆ ಮೂರು ಸಲ, ಸಲಕ್ಕೆ 30 ಲೀಟರಿನಂತೆ ಬದಲಿಸತೊಡಗಿದ. ಹವಳ ಇನ್ನಷ್ಟು ಮುದುಡಿತು.

ಟ್ಯಾಂಕು ಮತ್ತು ಅದರ ಯಜಮಾನ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ಟ್ಯಾಂಕು. ಕಲ್ಲು, ಮರಳು ಕಳೆದರೆ ಸುಮಾರು 160 ಲೀಟರ್ ನೀರು. ಶುರು ಮಾಡಿ ಎರಡು ವರ್ಷವಾಗಿತ್ತು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಎಂಟು ಬಸವನಹುಳು, ಮೂರು ಸನ್ಯಾಸಿ ಏಡಿ, ಒಂದು ಕ್ಲೀನರ್ ಸೀಗಡಿ. ಹವಳಗಳಲ್ಲಿ ಅಂಗೈಯಗಲದ ಟೋಡ್‌ಸ್ಟೂಲ್ ಒಂದು, ಜೋವಾ ಎರಡು ಗುಂಪು, ಕೆಂಪು ಮಶ್ರೂಮ್ ನಾಲ್ಕು.

ಎಲ್ಲವೂ ಮೆತ್ತನೆಯವು, ಅದನ್ನು ನಾನು ಮೊದಲೇ ಹೇಳಿಕೊಟ್ಟಿದ್ದೆ. ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಅಂದರೆ ಕಾನೂನಿನ ಕಣ್ಣಿಗೆ ಹುಲಿಯ ಸಾಲಿನವು. "ನನ್ನತ್ರ ಸ್ವಸ್ತಾದಾಗ ಅದಾವ" ಅನ್ನುವ ಮಾರಾಟಗಾರರು ಎಲ್ಲ ಊರಲ್ಲೂ ಸಿಗುತ್ತಾರೆ. ಅಂಥದ್ದನ್ನು ಮನೆಗೆ ತಂದ ಮೇಲೆ ಜಡ್ಡು ಬಂದರೆ ನನ್ನನ್ನು ಕರೆಯಬೇಡಿ.

ನವೆಂಬರ್ ಕೊನೆಯ ಭಾನುವಾರ ಹೋದೆ. ಬಾಗಿಲಲ್ಲೇ ಅವನ ಅವ್ವಾರು ಸಿಕ್ಕರು. "ಬರ್ರಿ ಸರ. ಹವಳಕ್ಕ ಜಡ್ಡು ಬಂದದ ಅಂತಾನ ಇವಾ. ಹವಳ ಅಂದ್ರ ನಮ್ಮ ಕೊಳ್ಳಾಗಿಂದು, ಅದಕ್ಕೆಲ್ಲೀ ಜಡ್ಡು?" ಕೊರಳಿನ ತಾಳಿಸರದ ಎರಡು ಕೆಂಪು ಹವಳ ಎತ್ತಿ ತೋರಿಸಿದರು. ದೃಷ್ಟಿ ತೆಗೆಸಿದ್ದೂ ಆಗಿದೆಯಂತೆ. ಟ್ಯಾಂಕಿನ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ನೀರಿಗೆ ತಾಗದಿದ್ದರೆ ಸಾಕು ಅಂದುಕೊಂಡೆ.

ನೂರಕ್ಕೆ ನೂರು ಬಂದ ವರದಿ

ಹುಡುಗ ನೋಟ್‌ಬುಕ್ ತೆರೆದಿಟ್ಟ. ಉಷ್ಣತೆ 26.2. ಲವಣಾಂಶ 35. ಪಿಎಚ್ 8.1. ಆಲ್ಕಲಿನಿಟಿ 8.2. ಕ್ಯಾಲ್ಸಿಯಂ 420. ಅಮೋನಿಯಾ ಸೊನ್ನೆ. ನೈಟ್ರೇಟ್ 5. ಫಾಸ್ಫೇಟ್ 0.05. ಬಲಮೂಲೆಯಲ್ಲಿ ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 4 ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಪರೀಕ್ಷೆಯಲ್ಲಿ ಇಂಥ ಪತ್ರಿಕೆ ಬಂದರೆ ಒಂದು ಅಂಕವನ್ನೂ ಕಳೆಯಲಾಗುವುದಿಲ್ಲ. ಹವಳ ಮಾತ್ರ ಸಾಯುತ್ತಿತ್ತು.

ವರದಿ ಸರಿ ಇದ್ದು ಜೀವ ಸರಿ ಇಲ್ಲದಿದ್ದರೆ ಎರಡೇ ಸಾಧ್ಯತೆ. ಅಳತೆಯ ಉಪಕರಣ ಸುಳ್ಳು ಹೇಳುತ್ತಿದೆ, ಇಲ್ಲವೇ ಅಳೆಯದೇ ಬಿಟ್ಟದ್ದು ಏನೋ ಇದೆ. ಮೊದಲನೆಯದನ್ನು ಬೇಗ ಮುಗಿಸಬಹುದು. ನಾನು ಕಾಲೇಜಿನ ಲ್ಯಾಬಿನಿಂದ ಒಂದು ಸಣ್ಣ ಬಾಟಲಿ ತಂದಿದ್ದೆ: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ದ್ರಾವಣ. ಇದು ಬೆಳಕನ್ನು ಬಾಗಿಸುವುದು 35ರ ಸಮುದ್ರದ ನೀರಿನಷ್ಟೇ, ಹಾಗಾಗಿ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಒರೆಗೆ ಹಚ್ಚಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬರೀ ನೀರು ಹಾಕಿ ಸೊನ್ನೆಗೆ ಕೂಡಿಸಿದರೆ ಸೊನ್ನೆಯ ಹತ್ತಿರವಷ್ಟೇ ಸರಿ ಇರುತ್ತದೆ, 35ರ ಹತ್ತಿರ ತಪ್ಪಿರಬಹುದು. ಅವನದು ಒಂದು ಗೆರೆಯಷ್ಟು ತಪ್ಪಿತ್ತು. ಹವಳ ಸಾಯುವಷ್ಟಲ್ಲ. ಥರ್ಮಾಮೀಟರ್ ನನ್ನದಕ್ಕೂ ಅವನದಕ್ಕೂ ತಾಳೆಯಾಯಿತು.

ಏಪ್ರಿಲ್-ಮೇ ತಿಂಗಳಾಗಿದ್ದರೆ ನಾನು ಮೊದಲು ಬಿಸಿಲನ್ನೇ ಹಿಡಿಯುತ್ತಿದ್ದೆ. ನಮ್ಮೂರಲ್ಲಿ ಹೊರಗೆ 40 ದಾಟಿದಾಗ ಫ್ಯಾನ್ ಹಾಕಿದರೂ ಟ್ಯಾಂಕು 31ಕ್ಕೆ ಏರುತ್ತದೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ, ಅದಕ್ಕೆ ಅನ್ನ ಹಾಕುವ ಬಾಡಿಗೆದಾರ, ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಆದರೆ ಇಲ್ಲಿ ಹವಳ ಬೆಳ್ಳಗಾಗಿರಲಿಲ್ಲ. ಕಂದು ಬಣ್ಣ ಬೂದಿಗೆ ತಿರುಗಿತ್ತು, ಅಷ್ಟೇ. ಅದೂ ನವೆಂಬರ್‌ನ ತಂಪಿನಲ್ಲಿ.

ನೋಡುವುದು

ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಅರ್ಧ ಗಂಟೆ ಕೂತೆ. ಪರೀಕ್ಷೆಯ ಕಿಟ್ಟು ಬಿಚ್ಚುವ ಮೊದಲು ಇದನ್ನು ಮಾಡಬೇಕಿತ್ತು ಅಂತ ನನಗೆ ನಾನೇ ಬೈದುಕೊಂಡೆ.

ಟೋಡ್‌ಸ್ಟೂಲಿನ ಕಾಂಡ ಎಡಕ್ಕೆ ವಾಲಿತ್ತು. ಟೊಪ್ಪಿಗೆಯ ಮೇಲೆ ಪೊರೆ ಇತ್ತು, ಆದರೆ ಅದು ಕಳಚುವ ಪೊರೆಯಲ್ಲ. ಚರ್ಮ ಬಿಡುವಾಗ ಪೊರೆ ಬಿಗಿಯಾಗಿ ಹೊಳೆಯುತ್ತದೆ, ಅಂಚಿನಲ್ಲಿ ಎದ್ದು ಪಟಪಟ ಅಲುಗುತ್ತದೆ. ಇದು ಲೋಳೆಯಂತೆ ಅಂಟಿಕೊಂಡು ಅದರ ಮೇಲೆ ಧೂಳು ಕೂತಿತ್ತು. ಹಿಂಬದಿಯ ಅಂಚಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಕಂದಾಗಿ ಮೆತ್ತಗಾಗಿತ್ತು. ಪಿಚಕಾರಿಯಂಥ ಟರ್ಕಿ ಬೇಸ್ಟರ್‌ನಿಂದ ಮೆಲ್ಲಗೆ ನೀರು ಊದಿದರೆ ಅಲ್ಲಿಂದ ಎಳೆಎಳೆಯಾಗಿ ಮಾಂಸ ಬಿಟ್ಟುಕೊಂಡಿತು. ಇದು ಕೊಳೆ, ಚರ್ಮ ಬಿಡುವುದಲ್ಲ.

ಆಮೇಲೆ ಹವಳ ಬಿಟ್ಟು ಉಳಿದವರನ್ನು ಎಣಿಸಿದೆ. ಕ್ಲೌನ್ ಮೀನು ಎರಡೂ ಗಾಜಿಗೆ ಮುಖ ಒತ್ತಿ ಊಟ ಕೇಳುತ್ತಿದ್ದವು. ಗೋಬಿ ಮರಳು ತೋಡುತ್ತಿತ್ತು. ಬಸವನಹುಳು? "ಮೂರು ಉಳದಾವ್ರಿ. ಐದು ಸತ್ವು." ಯಾವಾಗ? "ನವೆಂಬರ್ ಸುರುವಾತಿನ್ಯಾಗ. ಗಾಜಿನ ಮ್ಯಾಲಿಂದ ಬೀಳ್ತಿದ್ವು, ಉಲ್ಟಾ ಬಿದ್ರ ಎದ್ದೇಳ್ತಿದ್ದಿಲ್ಲ." ಅಂದರೆ ಟೋಡ್‌ಸ್ಟೂಲ್ ಮುಚ್ಚುವುದಕ್ಕಿಂತ ಮೊದಲು. ಸೀಗಡಿ? ನೀರು ಬದಲಿಸಿದ ಮರುದಿನ ಬೆಳಿಗ್ಗೆ ಸತ್ತಿತ್ತಂತೆ. ಏಡಿಗಳಲ್ಲಿ ಒಂದು ಮಾತ್ರ ಕಂಡಿತು.

ಬೆನ್ನೆಲುಬು ಇದ್ದವರೆಲ್ಲ ಚೆನ್ನಾಗಿದ್ದಾರೆ. ಇಲ್ಲದವರೆಲ್ಲ ಒಬ್ಬೊಬ್ಬರಾಗಿ ಬೀಳುತ್ತಿದ್ದಾರೆ. ಈ ಒಂದು ವಾಕ್ಯದಿಂದ ಅರ್ಧ ಪಟ್ಟಿ ಅಳಿಸಿಹೋಯಿತು. ಅಮೋನಿಯಾ ಆಗಿದ್ದರೆ ಮೀನೂ ಏದುಸಿರು ಬಿಡುತ್ತಿದ್ದವು. ಬೆಳಕಿನ ತಪ್ಪಾಗಿದ್ದರೆ ಬಸವನಹುಳು ಯಾಕೆ ಬೀಳಬೇಕು? ಹವಳ ತಿನ್ನುವ ಹುಳವಿದ್ದರೆ ಅದು ಜೋವಾ ತಿಂದೀತು, ಸೀಗಡಿಯನ್ನಲ್ಲ. ಟೋಡ್‌ಸ್ಟೂಲ್ ತಾನೇ ವಿಷ ಬಿಡುವ ಹವಳ, ಪಕ್ಕದವರನ್ನು ರಾಸಾಯನಿಕ ಬಿಟ್ಟು ಸತಾಯಿಸುವುದು ಅದರ ಹುಟ್ಟುಗುಣ. ಆದರೆ ಇಲ್ಲಿ ಮೊದಲು ಬಿದ್ದವರು ಪಕ್ಕದ ಜೋವಾಗಳಲ್ಲ. ಅಲ್ಲದೆ ತನ್ನ ವಿಷಕ್ಕೆ ತಾನೇ ಕೊಳೆಯುವುದನ್ನು ನಾನಂತೂ ನೋಡಿಲ್ಲ.

ಹುಡುಗನಿಗೆ ತನ್ನದೇ ಒಂದು ಅನುಮಾನವಿತ್ತು: ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದ್ದರು. ಸಣ್ಣ ಅನುಮಾನವೇನಲ್ಲ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ, ತಿನ್ನರ್ ವಾಸನೆಯೂ ಅದರ ಜೊತೆ ಇಳಿಯುತ್ತದೆ. ದಿನಗಳೂ ಹೊಂದುತ್ತಿದ್ದವು. ಆದರೆ ಬಣ್ಣದ ವಾಸನೆ ಒಂದು ವಾರಕ್ಕೆ ಇಳಿದುಹೋಗಿತ್ತು, ಕಾರ್ಬನ್ ಹಾಕಿ ವಾರ ಕಳೆದಿತ್ತು, ರೋಗ ಮಾತ್ರ ಏರುತ್ತಲೇ ಇತ್ತು. ಒಮ್ಮೆ ಬಿದ್ದ ವಿಷ ದಿನ ಕಳೆದಂತೆ ಇಳಿಯಬೇಕು. ಇಲ್ಲಿ ಯಾರೋ ದಿನಾ ಹಾಕುತ್ತಿದ್ದಾರೆ. ಅವ್ವಾರ ಊದುಬತ್ತಿ, ಸೊಳ್ಳೆ ಬತ್ತಿ? ಅವು ವರ್ಷವಿಡೀ ಉರಿಯುತ್ತವೆ, ನವೆಂಬರಿನ ರೋಗಕ್ಕೆ ಅವನ್ನು ಹೊಣೆ ಮಾಡುವಂತಿಲ್ಲ.

ಇಷ್ಟರಲ್ಲಿ ಅವನು ಸಮಾಧಾನಕ್ಕೆ ಒಂದು ಮಾತು ಹೇಳಿದ. "ಒಂದು ಚೊಲೋ ಆಗ್ಯಾದ ನೋಡ್ರಿ ಸರ್. ಗಾಜು ತಿಕ್ಕೂ ಕೆಲಸಾನೇ ಇಲ್ಲ. ಮೊದಲ ಎರಡು ದಿನಕ್ಕೊಮ್ಮೆ ತಿಕ್ಕಬೇಕಾಗ್ತಿತ್ತು. ಈಗ ಹದಿನೈದು ದಿನ ಆತು, ಕನ್ನಡಿ ಆಗ್ಯಾದ."

ನಾನು ಎದ್ದು ನಿಂತೆ. ಬೆಳಕು ಎಂಟು ಗಂಟೆ ಉರಿಯುತ್ತಿದೆ, ನೈಟ್ರೇಟ್ ಇದೆ, ಫಾಸ್ಫೇಟ್ ಇದೆ, ತಿನ್ನುವ ಬಸವನಹುಳು ಸತ್ತಿವೆ. ಗಾಜು ಹಸಿರಾಗಿ ಹೋಗಬೇಕಿತ್ತು. ಬಸವನಹುಳು, ಸೀಗಡಿ, ಹವಳ, ಪಾಚಿ ನಾಲ್ಕಕ್ಕೂ ಆಗದ್ದು, ಮೀನಿಗೆ ಮಾತ್ರ ತಡೆದುಕೊಳ್ಳಲು ಆಗುವಂಥದ್ದು, ಅಂಥ ವಸ್ತು ರಸಾಯನಶಾಸ್ತ್ರದ ಮೇಷ್ಟ್ರಿಗೆ ಥಟ್ಟನೆ ನೆನಪಾಗುವುದು ಒಂದೇ. ತಾಮ್ರ.

ತಾಮ್ರ ಎಲ್ಲಿಂದ?

ಸಮುದ್ರ ಮೀನಿನ ಬಿಳಿಚುಕ್ಕೆ ರೋಗಕ್ಕೆ ತಾಮ್ರವೇ ಹಳೆಯ ಔಷಧಿ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಹಿಡಿದಿಟ್ಟರೆ ಪರಾವಲಂಬಿ ಸಾಯುತ್ತದೆ, ಮೀನು ಉಳಿಯುತ್ತದೆ. ಅದೇ ನೀರಿನಲ್ಲಿ ಸೀಗಡಿ ಇಟ್ಟರೆ ಸೀಗಡಿಯೂ ಹೋಗುತ್ತದೆ. ವಿಚಿತ್ರವೆಂದರೆ ಬಸವನಹುಳು, ಸೀಗಡಿ, ಏಡಿಗಳ ರಕ್ತವೇ ತಾಮ್ರದ್ದು. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅವುಗಳಲ್ಲಿ ತಾಮ್ರ ಮಾಡುತ್ತದೆ, ಅದಕ್ಕೇ ಅವುಗಳ ರಕ್ತ ನೀಲಿ. ಬೇಕಾದಷ್ಟಿದ್ದರೆ ಉಸಿರು, ಚೂರು ಹೆಚ್ಚಾದರೆ ವಿಷ.

"ಮೀನಿಗೆ ಔಷಧಿ ಏನರೆ ಹಾಕೀದಿ?" "ಇಲ್ರೀ." ಹಿತ್ತಾಳೆ ನಲ್ಲಿ? ಇಲ್ಲ, ಎಲ್ಲ ಪ್ಲಾಸ್ಟಿಕ್. ಪಂಪು, ಹೀಟರ್, ಅಲೆ ಎಬ್ಬಿಸುವ ವೇವ್‌ಮೇಕರ್ ಎಲ್ಲ ತೆಗೆದು ನೋಡಿದೆವು. ಗಾಜು ತಿಕ್ಕುವ ಮ್ಯಾಗ್ನೆಟ್ಟೂ ಸರಿ ಇತ್ತು. ಎಲ್ಲೂ ಹಸಿರು ಕಿಲುಬಿಲ್ಲ.

ತಾಮ್ರದ ಕಿಟ್ಟು ನಾನೇ ತಂದಿದ್ದೆ. ಟ್ಯಾಂಕಿನ ನೀರಿಗೆ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಹಾಳೆಯ ಮೇಲೆ ಹಿಡಿದು ಇಬ್ಬರೂ ಇಣುಕಿದೆವು. ಅವನು ಸೊನ್ನೆ ಅಂದ. ನನಗೆ ಸೊನ್ನೆಗಿಂತ ಒಂದು ಉಸಿರಿನಷ್ಟು ಹೆಚ್ಚು ಅನ್ನಿಸಿತು. ಕಿಟ್ಟಿನ ಮೊದಲ ಬಣ್ಣವೇ 0.1. ತೆರೆದ ಕಡಲಿನಲ್ಲಿ ತಾಮ್ರ ಲೀಟರಿಗೆ ಒಂದು ಮೈಕ್ರೋಗ್ರಾಮನ್ನೂ ಮುಟ್ಟುವುದಿಲ್ಲ, ಅಂದರೆ 0.001 ಮಿಲಿಗ್ರಾಮಿಗೂ ಕಡಿಮೆ. 0.05 ಇದ್ದರೂ ಈ ಕಿಟ್ಟಿಗೆ ಕಾಣದು, ಬಸವನಹುಳುವಿಗೆ ಕಾಣುತ್ತದೆ. ಮೇಲಾಗಿ ಸುಣ್ಣದ ಕಲ್ಲು, ಮರಳು ತಾಮ್ರವನ್ನು ಹೀರಿ ಹಿಡಿದುಕೊಳ್ಳುತ್ತವೆ. ನೀರಿನಲ್ಲಿ ಸಿಗುವುದು ಒಳಬಿದ್ದದ್ದರ ಒಂದು ಪಾಲು ಮಾತ್ರ. ಹಾಗಾಗಿ ಟ್ಯಾಂಕಿನಲ್ಲಿ ಹುಡುಕುವುದು ಬಿಟ್ಟು ಟ್ಯಾಂಕಿಗೆ ಬರುವ ದಾರಿಯಲ್ಲಿ ಹುಡುಕಬೇಕು.

ದಾರಿ ಅಂದರೆ ನೀರು. ಅವರ ಬೋರಿನ ನೀರು ನಮ್ಮ ಕಡೆಯ ಎಲ್ಲ ಬೋರಿನಂತೆ ಗಡಸು, ಟಿಡಿಎಸ್ ಸಾವಿರದ ಮೇಲೆ. ಅದು ಆರ್‌ಒ ಫಿಲ್ಟರ್ ದಾಟಿ ಹನಿಹನಿಯಾಗಿ ರಾತ್ರಿಯಿಡೀ ಡ್ರಮ್ಮಿಗೆ ಬೀಳುತ್ತದೆ. ಆ ಡ್ರಮ್ಮಿನಿಂದಲೇ ದಿನಾ ಆವಿಯಾದ ನೀರನ್ನು ಭರ್ತಿ ಮಾಡುತ್ತಾನೆ. ಒಣ ಹವೆಯ ಊರು ನಮ್ಮದು, ಅಷ್ಟು ಸಣ್ಣ ಟ್ಯಾಂಕಿನಿಂದಲೂ ದಿನಕ್ಕೆ ಮೂರು ಲೀಟರ್ ಹಾರಿಹೋಗುತ್ತದೆ. ಅದೇ ಡ್ರಮ್ಮಿನಲ್ಲಿ ಉಪ್ಪು ಕಲಸಿ ಬದಲಿ ನೀರು ತಯಾರಿಸುತ್ತಾನೆ.

"ಟಿಡಿಎಸ್ 4 ಅಂತ ಬರದೀದಿ. ಎಲ್ಲಿ ಅಳದಿ?"

"ಫಿಲ್ಟರ್ ಪೈಪಿನ ಬಾಯಾಗ್ರಿ."

"ಡ್ರಮ್ಮಿನ್ಯಾಗ ಅಳದೀಯೇನು?"

ಅಳೆದಿರಲಿಲ್ಲ. ಯಾರೂ ಅಳೆಯುವುದಿಲ್ಲ, ನಾನೂ ಅಳೆಯುತ್ತಿರಲಿಲ್ಲ. ಮೀಟರನ್ನು ಪೈಪಿನ ಕೆಳಗೆ ಹಿಡಿದರೆ 4. ಡ್ರಮ್ಮಿನೊಳಗೆ ಇಳಿಸಿದರೆ 23.

ನೀಲಿ ಡ್ರಮ್ಮು

ಹಿತ್ತಲಲ್ಲಿ ಇಟ್ಟಿದ್ದ 60 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಹಳೆಯ ಕ್ಯಾನ್ ಅಕ್ಟೋಬರಿನಲ್ಲಿ ಸೀಳಿತಂತೆ. ಆಗ ತಿಕೋಟಾ ಕಡೆ ದ್ರಾಕ್ಷಿ ತೋಟ ಇರುವ ಅವನ ಕಾಕಾ "ಹೊಸಾದ್ಯಾಕ ತರ್ತಿ, ನಮ್ಮಲ್ಲಿ ಬಿದ್ದಾವ" ಅಂತ ಕಳಿಸಿದ್ದು. ದ್ರಾಕ್ಷಿ ತೋಟ ಅನ್ನುವ ಶಬ್ದ ಕಿವಿಗೆ ಬಿದ್ದಾಗಲೇ ನನಗೆ ಉತ್ತರ ಗೊತ್ತಾಗಿತ್ತು. ಆದರೆ ಗೊತ್ತಾಗುವುದು ಬೇರೆ, ಖಾತ್ರಿಯಾಗುವುದು ಬೇರೆ.

ಒಳಗೆ ನೀರು ಖಾಲಿ ಮಾಡಿ ಮೊಬೈಲ್ ಟಾರ್ಚ್ ಹಾಕಿದೆವು. ಏನೂ ಕಾಣಲಿಲ್ಲ. ನೀಲಿ ಗೋಡೆ, ಅಷ್ಟೇ. ಕೈ ಇಳಿಸಿ ಬಾಯಿಯ ಅಂಚಿನ ಒಳಮಗ್ಗುಲಿಗೆ ಬೆರಳಾಡಿಸಿದೆ. ಅಲ್ಲಿ ಮಡಚಿದ ಸಂದಿನಲ್ಲಿ, ಸುತ್ತಲೂ, ಸುಣ್ಣದ ಹೆಕ್ಕಳಿಕೆಯಂಥ ಒರಟು. ತಳದ ಮೂಲೆಯಲ್ಲೂ ಅದೇ. ಉಗುರಿನಿಂದ ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿದೆ. ತಿಳಿ ಆಕಾಶದ ಬಣ್ಣದ ಪುಡಿ. ನೀಲಿ ಡ್ರಮ್ಮಿನ ಮೇಲೆ ನೀಲಿ ಕಲೆ. ಅದು ಬಿಳಿ ಡ್ರಮ್ಮಾಗಿದ್ದರೆ ಅವನು ಮೊದಲ ದಿನವೇ ನೋಡುತ್ತಿದ್ದ, ಈ ಬರಹವೂ ಇರುತ್ತಿರಲಿಲ್ಲ.

ಕಾಕಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಕಾಕಾ, ಡ್ರಮ್ಮಿನ್ಯಾಗ ಏನ್ ಇಟ್ಟಿದ್ರಿ?"

"ಹ್ವಾದ ವರ್ಷ ಬೋರ್ಡೋ ಕಲಸ್ತಿದ್ವಿ. ಮೂರ್ ಸಲ ತೊಳದ್ ಕಳ್ಸೀನಲ್ಲೋ."

"ಬೋರ್ಡೋ ಅಂದ್ರ ಮೈಲುತುತ್ತ ಹೌದಲ್ರೀ?" ನಾನು ನಡುವೆ ಬಾಯಿ ಹಾಕಿದೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್.

"ಹೌದ್ರೀ ಸರ. ಮೈಲುತುತ್ತ, ಸುಣ್ಣ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವಿಕೆ) ಆದ ಮ್ಯಾಲ ಮಾಡ ಮುಸುಕಿದ್ರ ಹೊಡೀಲೇಬೇಕು. ಸುಣ್ಣ ಕಮ್ಮಿ ಬಿದ್ರ ಎಲಿ ಸುಡ್ತದ್ರಿ, ಅದಕ್ಕ ಕುಡಗೋಲು ಅದ್ದಿ ನೋಡ್ತೀವಿ. ಕುಡಗೋಲ್ಮ್ಯಾಲ ಕೆಂಪು ಕೂತ್ರ ಇನ್ನಷ್ಟು ಸುಣ್ಣ."

ಶಾಲೆ ಮುಗಿಸದ ಕಾಕಾ ನನ್ನ ದ್ವಿತೀಯ ಪಿಯುಸಿ ಪಾಠವನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ಕಬ್ಬಿಣವು ತಾಮ್ರವನ್ನು ದ್ರಾವಣದಿಂದ ಹೊರಗೆ ಎಳೆಯುವ ಅದೇ ಕ್ರಿಯೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಬೂಜು ರೋಗಕ್ಕೆಂದು 1880ರ ದಶಕದಲ್ಲಿ ಹುಟ್ಟಿದ ಮದ್ದು ಇದು. ನಮ್ಮ ತಿಕೋಟಾದ ಬಳ್ಳಿಗೂ ಅದೇ ಮದ್ದು.

ಖಾತ್ರಿಗೆ ಎರಡು ಪರೀಕ್ಷೆ ಮಾಡಿದೆ. ಒಂದು ಅಲ್ಲೇ. ಇಯರ್‌ಬಡ್ಡಿಗೆ ಅಡುಗೆಮನೆಯ ವಿನೆಗರ್ ಅದ್ದಿ ಹೆಕ್ಕಳಿಕೆಗೆ ತಿಕ್ಕಿದೆ. ಸಣ್ಣಗೆ ಗುಳ್ಳೆ ಎದ್ದವು, ಅದು ಸುಣ್ಣ. ಹತ್ತಿ ಮಸುಕು ಹಸಿರಾಯಿತು. ಲ್ಯಾಬಿನಿಂದ ತಂದ ಅಮೋನಿಯಾ ದ್ರಾವಣದ ಒಂದು ಹನಿ ಅದರ ಮೇಲೆ ಬಿಟ್ಟೆ. ಹತ್ತಿಯ ತುದಿ ಕಣ್ಣೆದುರೇ ಶಾಯಿಯಂಥ ಕಡುನೀಲಿಗೆ ತಿರುಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವಾರು "ಅಯ್ಯ ಶಿವನ!" ಅಂದರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಈ ಬಣ್ಣ ತೋರಿಸುತ್ತಿದ್ದೇನೆ, ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಎರಡನೆಯದಕ್ಕೆ ಎರಡು ದಿನ ಹಿಡಿಯಿತು. ಡ್ರಮ್ಮಿಗೂ, ಹೊಸದಾಗಿ ಕೊಂಡ ಒಂದು ಆಹಾರದರ್ಜೆಯ ಬಿಳಿ ಕ್ಯಾನಿಗೂ ಅದೇ ಫಿಲ್ಟರಿನ ಆರ್‌ಒ ನೀರು ತುಂಬಿಸಿಟ್ಟೆವು. ಕ್ಯಾನಿನ ನೀರಿನಲ್ಲಿ ಕಿಟ್ಟು ಬಣ್ಣ ತೋರಿಸಲಿಲ್ಲ. ಡ್ರಮ್ಮಿನ ನೀರಿನಲ್ಲಿ 0.3ರ ಮನೆ ದಾಟಿತು. ಆರ್‌ಒ ನೀರಿನಲ್ಲಿ ಖನಿಜವಿಲ್ಲ, ಗಾಳಿಯ ಇಂಗಾಲಾಮ್ಲ ಸೇರಿ ಅದು ತುಸು ಹುಳಿಯಾಗಿರುತ್ತದೆ. ಇಂಥ ಹಸಿದ ನೀರು ಒಣ ತಾಮ್ರವನ್ನು ಸಮುದ್ರದ ನೀರಿಗಿಂತ ಚುರುಕಾಗಿ ಕರಗಿಸುತ್ತದೆ. ಬರೀ ನೀರು ತುಂಬಿ ಮೂರು ಸಲ ತೊಳೆದದ್ದರಿಂದ ಏನೂ ಆಗಲಿಲ್ಲ ಅನ್ನುವುದಕ್ಕೂ ಉತ್ತರ ಇದೇ: ಅದು ಎರಡು ನಿಮಿಷದಲ್ಲಿ ಹೋಗುವಂಥದ್ದಲ್ಲ, ರಾತ್ರಿಯಿಡೀ ನೆನೆದರೆ ಬಿಟ್ಟುಕೊಳ್ಳುವಂಥದ್ದು.

ಎಷ್ಟು ಬೇಕಾದೀತು ಅಂತ ಅವನು ಕೇಳಿದ. ಲೆಕ್ಕ ಮಾಡಿ ತೋರಿಸಿದೆ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. ಮೈಲುತುತ್ತದ ಹರಳಿನಲ್ಲಿ ಕಾಲುಭಾಗ ತಾಮ್ರ. ಹಾಗಾದರೆ ಲೀಟರಿಗೆ ಎರಡೂವರೆ ಗ್ರಾಂ. ಒಂದು ಟೀ ಚಮಚದಷ್ಟು ದ್ರಾವಣ ಸಂದಿನಲ್ಲಿ ಒಣಗಿ ಉಳಿದರೆ ಅದರಲ್ಲಿ 12ರಿಂದ 13 ಮಿಲಿಗ್ರಾಂ ತಾಮ್ರ. 160 ಲೀಟರಿಗೆ ಹಂಚಿದರೆ ಲೀಟರಿಗೆ 0.08. ಒಂದು ಚಮಚ! ಅದೂ ಆವಿಯಾಗಿ ಹೋಗುವುದು ನೀರು ಮಾತ್ರ, ತಾಮ್ರ ಹಿಂದೆ ಉಳಿಯುತ್ತದೆ. ದಿನಾ ಮೂರು ಲೀಟರ್ ಭರ್ತಿ ಅಂದರೆ ದಿನಾ ಒಂದು ಸಣ್ಣ ಡೋಸ್. ಅದರ ಮೇಲೆ ನನ್ನ ಸಲಹೆಯಂತೆ ವಾರಕ್ಕೆ 90 ಲೀಟರ್.

ಚಿಕಿತ್ಸೆ

ಭಾನುವಾರ ಸಂಜೆಯೇ ಟೋಡ್‌ಸ್ಟೂಲಿನ ಕೊಳೆತ ಅಂಚನ್ನು ಹೊಸ ಬ್ಲೇಡಿನಿಂದ ಕತ್ತರಿಸಿದೆವು, ಆರೋಗ್ಯದ ಮಾಂಸ ಅರ್ಧ ಸೆಂಟಿಮೀಟರ್ ಸೇರಿಸಿ. ಕೇಳಲು ಕ್ರೂರ, ಆದರೆ ಈ ಜಾತಿ ಕತ್ತರಿಸಿದಲ್ಲಿ ಬೇಗ ಮಾಯುತ್ತದೆ, ತುಂಡು ಇಟ್ಟರೆ ಹೊಸ ಹವಳವೇ ಆಗುತ್ತದೆ. ಕೊಳೆ ಬಿಟ್ಟರೆ ಮಾತ್ರ ಕಾಂಡಕ್ಕೆ ಇಳಿಯುತ್ತದೆ. ಮೇಲಿನ ಲೋಳೆಯನ್ನು ಬೇಸ್ಟರ್‌ನಿಂದ ಊದಿ ತೆಗೆದು, ವೇವ್‌ಮೇಕರನ್ನು ಸ್ವಲ್ಪ ಅದರತ್ತ ತಿರುಗಿಸಿದೆವು. ಜೋವಾ ಕಲ್ಲನ್ನು ಎತ್ತುವಾಗ ಕೈಗವಸು ಹಾಕಿಸಿದೆ, ಕನ್ನಡಕವನ್ನೂ. ಕೆಲವು ಜೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಕಡುವಿಷ ಇರುತ್ತದೆ, ಗಾಯಕ್ಕೆ ಕಣ್ಣಿಗೆ ತಾಗಬಾರದು. ಆ ಕಲ್ಲನ್ನು ಬಿಸಿನೀರಲ್ಲಿ ಕುದಿಸಲಂತೂ ಯಾವತ್ತೂ ಕೂಡದು. ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ.

ಬದಲಿ ನೀರು ನಮ್ಮ ಮನೆಯ ಫಿಲ್ಟರಿನಿಂದ, ನನ್ನ ಕ್ಯಾನಿನಲ್ಲಿ ಕಲಸಿದ್ದು, ಸ್ಕೂಟರ್ ಮೇಲೆ ಹೋಯಿತು. ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ, ಸಲಕ್ಕೆ ಶೇಕಡಾ 30. ಒಮ್ಮೆಗೇ 90 ತೆಗೆಯಬಹುದಲ್ಲ ಅಂದ. ಬಳಲಿದ ಹವಳಕ್ಕೆ ಅದು ಇನ್ನೊಂದು ಪೆಟ್ಟು. 30ರಂತೆ ಮೂರು ಸಲ ಬದಲಿಸಿದರೆ ಹಳೆಯದು ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಉಳಿದದ್ದಕ್ಕೆ ಹೊಸ ಕಾರ್ಬನ್, ಜೊತೆಗೆ ಪುಣೆಯಿಂದ ತರಿಸಿದ, ತಾಮ್ರ ಹಿಡಿದರೆ ನೀಲಿಗೆ ತಿರುಗುವ ಫಿಲ್ಟರ್ ಪ್ಯಾಡ್. ನಾಲ್ಕನೇ ದಿನ ಬಂತು. ಹಾಕಿದ ಮರುವಾರ ಅವನು ಕಳಿಸಿದ ಫೋಟೋದಲ್ಲಿ ಪ್ಯಾಡ್ ಕಂದಾಗಿತ್ತು, ನೀರು ನುಗ್ಗುವ ಅಂಚಿನಲ್ಲಿ ಮಾತ್ರ ಬೆರಳಗಲದ ನೀಲಿ ಪಟ್ಟಿ. ಆ ಪ್ಯಾಡನ್ನು ಮೂರು ಸಲ ಬದಲಿಸಿದೆವು, ಯಾಕೆಂದರೆ ಕಲ್ಲು ಮರಳು ಹೀರಿದ್ದನ್ನು ವಾರಗಟ್ಟಲೆ ಮೆಲ್ಲಗೆ ಬಿಡುತ್ತಿರುತ್ತವೆ. ಮೂರನೆಯದರಲ್ಲಿ ನೀಲಿ ಕಾಣಲಿಲ್ಲ.

ಮಶ್ರೂಮ್‌ಗಳು ಒಂದು ವಾರಕ್ಕೇ ಅಗಲವಾದವು, ಅವು ಗಟ್ಟಿ ಪಿಂಡ. ಜೋವಾಗಳಲ್ಲಿ ಒಂದು ಗುಂಪು ಡಿಸೆಂಬರ್ ನಡುವಿಗೆ ಅರಳಿತು, ಇನ್ನೊಂದು ಕರಗಿಹೋಯಿತು. ಮೂರರಲ್ಲಿ ಇನ್ನೂ ಒಂದು ಬಸವನಹುಳು ಸತ್ತಿತು. ಟೋಡ್‌ಸ್ಟೂಲ್ ಇಪ್ಪತ್ತಾರನೇ ದಿನ ಮೊದಲ ಸಲ ಪಾಲಿಪ್ ಹೊರಹಾಕಿತು. ಟೊಪ್ಪಿಗೆಯ ಒಂದು ಬದಿಗೆ ಮಾತ್ರ, ಎಳೆ ಗಡ್ಡದ ಹಾಗೆ. ಕತ್ತರಿಸಿದ ಕಡೆ ಅಂಚು ಮಡಚಿಕೊಂಡು ಈಗಲೂ ಕಚ್ಚಿ ತಿಂದ ರೊಟ್ಟಿಯಂತೆ ಕಾಣುತ್ತದೆ.

ಡ್ರಮ್ಮು ತಿಕೋಟಾಕ್ಕೆ ವಾಪಸ್ ಹೋಯಿತು. ಅದರ ಮೇಲೆ ಕೆಂಪು ಬಣ್ಣದಲ್ಲಿ "ಔಷಧಿ" ಅಂತ ಬರೆಸಿದೆ. ಕಾಕಾಗೆ ಸ್ವಲ್ಪ ಬೇಜಾರು. "ತೊಳದೀನಿ ಅಂದ್ರೂ ಕೇಳವಲ್ರು," ಅಂತ ಅವ್ವಾರ ಮುಂದೆ ಹೇಳಿದರಂತೆ, ಆದರೂ ಸಂಕ್ರಾಂತಿಗೆ ಐದು ಕಿಲೋ ಮಣೂಕ (ಒಣದ್ರಾಕ್ಷಿ) ಕಳಿಸಿದರು.

ಜನವರಿ ಕೊನೆಗೆ ಹುಡುಗನ ಫೋನ್. "ಸರ್, ಮತ್ತ ಗಾಜು ಹಸರ ಆಗಾಕತ್ಯಾದ್ರಿ. ಏನರೆ ತಪ್ಪಾತೇನು?" ತಿಕ್ಕಬೇಡ ಅಂದೆ, ಎರಡು ಹೊಸ ಬಸವನಹುಳು ತಂದು ಬಿಡು ಅಂದೆ. ಮರುದಿನ ಬೆಳಿಗ್ಗೆ ಫೋಟೋ ಬಂತು. ಹಸಿರು ಗಾಜಿನ ಮೇಲೆ ಎಡಮೂಲೆಯಿಂದ ನಡುವಿನವರೆಗೆ, ಎತ್ತು ಉಳುಮೆ ಮಾಡಿದ ಸಾಲಿನಂತೆ, ಡೊಂಕುಡೊಂಕಾಗಿ ಒಂದು ಸ್ವಚ್ಛ ಗೆರೆ. ಗೆರೆಯ ತುದಿಯಲ್ಲಿ ಬಸವನಹುಳು.